ಪರದೆ ಉಗ್ರಪ್ಪನ ಹೆಂಡತಿ

ಅಜ್ಜಂಪುರದ ಕಾಂತಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಕೇರಿಗೆ ಕೇರಿಯೇ ನಂಬಿತ್ತು. ಆ ಬೀಗ ಹಾಕಿದವಳು ಅವರ ತಂಗಿಯ ಮಗಳು ನಯನ, ಅದೂ ಒಂದೇ ಒಂದು ಪ್ರಶ್ನೆ ಕೇಳಿ.

ನಯನ ತರೀಕೆರೆಯ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಹೆಸರಾಂತ ಚಿತ್ರಗಾರರ ಹೆಂಡತಿಯರನ್ನು ಕುರಿತು ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದಳು. ಅರಮನೆಯ ಚಿತ್ರಗಾರನ ಹೆಂಡತಿ, ಗುಡಿಯ ಚಾವಣಿಗೆ ಬಣ್ಣ ಹಾಕಿದವನ ಹೆಂಡತಿ, ಹೀಗೆ ಇನ್ನೂರು ವರ್ಷದ ಹೆಂಗಸರೆಲ್ಲ ಅದರಲ್ಲಿದ್ದರು. ಕೊನೆಯ ಅಧ್ಯಾಯ ಮಾತ್ರ ದೊಡ್ಡಮ್ಮ ಕಾಂತಮ್ಮನದು. ಯಾಕಾಗಬಾರದು? ಅವರ ಗಂಡ ಪರದೆ ಉಗ್ರಪ್ಪ ಎಂದರೆ ಮೂರು ತಾಲ್ಲೂಕಿಗೂ ಗೊತ್ತು. ಹಳ್ಳಿ ಹಳ್ಳಿಯ ಪೌರಾಣಿಕ ನಾಟಕಗಳಿಗೆ ಕಾಡಿನ ಸೀನು, ರಸ್ತೆ ಸೀನು, ದರ್ಬಾರ್ ಸೀನು ಎಂದು ಪರದೆ ಬರೆದುಕೊಟ್ಟ ಮನುಷ್ಯ. ತೀರಿಕೊಂಡು ಆರು ವರ್ಷವಾಗಿತ್ತು.

ಆವತ್ತು ಕಾಂತಮ್ಮ ಒಂದು ಗಂಟೆಯಿಂದ ಉಸಿರು ಬಿಡದೆ ಹೇಳುತ್ತಿದ್ದರು.

“ತಬ್ಬಲಿ ಕಣೇ ನಿಮ್ಮ ದೊಡ್ಡಪ್ಪ. ಅವ್ರಿವ್ರ ಮನೇಲಿ ಉಂಡು ಬೆಳ್ದೋರು. ಮದ್ವೆ ಆದ ಹೊಸದ್ರಲ್ಲಿ ಪರದೆ ಬರೆಯೋಕೆ ಅಂತ ಹೋದ್ರೆ ಹೋದ್ರು, ಒಂದು ತಿಂಗ್ಳು ಸುದ್ದಿನೇ ಇಲ್ಲ. ಇದಾರೋ ಇಲ್ವೋ ಅಂತ ನಾನು ಅನ್ನ ನೀರು ಬಿಟ್ಟು ಕೂತಿದ್ದೆ. ಒಂದಿನ ಬಂದು ಬಾಗ್ಲಲ್ಲಿ ಹಲ್ಲು ಕಿರ್ಕೊಂಡು ನಿಂತ್ರು ನೋಡು, ಕೈಲಿದ್ದ ಚೊಂಬು ಎಸ್ದೇಬಿಟ್ಟೆ! ತಪ್ಪಿಸ್ಕೊಂಡ್ರು, ಗೋಡೆಗೆ ಬಡೀತು. ಅಲ್ಲೈತೆ ನೋಡು, ನೆಗ್ಗಿರೋದು. ಪಾತ್ರೆಯೋನು ಬಂದಾಗೆಲ್ಲ ಬದ್ಲಾಯ್ಸೋಣ ಅಂತ ಹಾಕಿದ್ರೆ ಸುಮ್ನೆ ತಂದು ವಾಪಸ್ ಇಡೋರು. ಜಿಪುಣರು!”

“ಪರದೆ ಬರೆಯುವಾಗ ನೀವೂ ಜೊತೆಗಿರ್ತಿದ್ರಾ?”

“ಎಲ್ಲಿ ಬಂತು? ಆಯಾ ಊರಿನ ಸ್ಕೂಲಲ್ಲಿ ಕೂತು ಬರೆಯೋರು. ಪರದೆ ಬರೆಯೋನ ಹೆಂಡ್ತಿ ಪರದೇನ ಹತ್ರದಿಂದ ನೋಡ್ಬಾರ್ದಂತೆ, ಕಣ್ಣಾಗ್ತದಂತೆ. ಹಿಂದಿನಿಂದ ಬಂದ ಪದ್ಧತಿ ಅಂದ್ರು. ನಲವತ್ತು ವರ್ಷ ಪಾಲಿಸ್ದೆ. ನಾಟಕದ ದಿನ ಹೆಂಗಸ್ರ ಜೊತೆ ಹಿಂದೆ ಕೂತು ನೋಡಿದ್ದೇ ಬಂತು.”

ಆಗಲೇ ನಯನ ಆ ಪ್ರಶ್ನೆ ಕೇಳಿದ್ದು. “ದೊಡ್ಡಮ್ಮ, ನನ್ನ ಕಾದಂಬರಿಯ ಒಬ್ಬೊಬ್ಬ ಚಿತ್ರಗಾರನೂ ಎಲ್ಲಾದರೂ ಒಂದು ಕಡೆ ಹೆಂಡ್ತಿ ಚಿತ್ರ ಬರ್ದಿದಾನೆ. ದೊಡ್ಡಪ್ಪ ನಿಮ್ಮನ್ನ ಬರ್ದಿದ್ರಾ?”

ಕಾಂತಮ್ಮ ಬಾಯಿ ತೆರೆದರು, ಮುಚ್ಚಿದರು. “ಕಾಫಿ ಆರೋಯ್ತು, ಕುಡಿ” ಎಂದು ಎದ್ದು ಹಿತ್ತಲಿಗೆ ಹೋಗಿಬಿಟ್ಟರು.

ಮೂರು ದಿನ ಅವರಿಗೆ ಊಟ ರುಚಿಸಲಿಲ್ಲ. ಈ ಗಂಡ ದ್ರೌಪದಿಯನ್ನು ಬರೆದರು, ರಂಭೆ ಊರ್ವಶಿಯರನ್ನು ಬರೆದರು, ಕಂಡವರ ಊರಿಗೆಲ್ಲ ಲಕ್ಷ್ಮೀ ಸರಸ್ವತಿಯರನ್ನು ಬರೆದುಕೊಟ್ಟರು. ಕಟ್ಟಿಕೊಂಡವಳದೊಂದು ಮೂಗು, ಒಂದು ಕಿವಿ ಬರೆಯಲು ಇವರ ಕುಂಚಕ್ಕೇನು ಬರವಿತ್ತೇ? ಬದುಕಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಗೋಡೆಯ ಮೇಲಿನ ಫೋಟೋದ ಜೊತೆ ಎಷ್ಟೆಂದು ಆಡುವುದು?

ನಾಲ್ಕನೆಯ ದಿನ ನಯನಳಿಗೆ ಫೋನು ಹೋಯಿತು. “ನನ್ನ ಅಧ್ಯಾಯ ಕಿತ್ತಾಕು. ಗಂಡನ ಕಣ್ಣಿಗೇ ಬೀಳದೋಳು ನಿನ್ನ ಪುಸ್ತಕದಲ್ಲಿ ಯಾಕೆ?” ಆಮೇಲೆ ಸಣ್ಣ ದನಿಯಲ್ಲಿ ಸೇರಿಸಿದರು. “ಇಲ್ಲಾಂದ್ರೆ ಒಂದ್ಸಲ ಯಾವ್ದಾದ್ರೂ ಪರದೆ ಹತ್ರ ಕರ್ಕೊಂಡೋಗೇ. ಎಲ್ಲಾದ್ರೂ ಮೂಲೇಲಿ ಬರ್ದಿದಾರೇನೋ ನೋಡ್ಬಿಡ್ತೀನಿ. ಕಣ್ಣಾಗೋಕೆ ಈಗ ಬರೆಯೋರೇ ಇಲ್ವಲ್ಲ.”

ಪರದೆಗಳೆಲ್ಲಿ ಉಳಿದಿದ್ದವು? ಹಿರೇನಲ್ಲೂರಿನದನ್ನು ಇಲಿ ತಿಂದಿತ್ತು. ದೇವನೂರಿನದು ಮಳೆಗಾಲದಲ್ಲಿ ಹುಲ್ಲಿನ ಬಣವೆಯ ಹೊದಿಕೆಯಾಗಿತ್ತು. ಸಿಂಗಟಗೆರೆಯಲ್ಲಿ ಒಂದು ದರ್ಬಾರ್ ಸೀನು ಮಾತ್ರ ಇದೆ ಎಂದು ತಿಳಿದು, ಭಾನುವಾರ ಇಬ್ಬರೂ ಬೀರೂರಿನಲ್ಲೊಂದು, ಕಡೂರಿನಲ್ಲೊಂದು ಬಸ್ಸು ಬದಲಾಯಿಸಿ ಅಲ್ಲಿಗೆ ಹೋದರು.

ಸಮುದಾಯ ಭವನದಲ್ಲಿ ಕಾದಿದ್ದವರು ಚಿಕ್ಕಬೀರಪ್ಪ. ಮೂವತ್ತು ವರ್ಷ ದುರ್ಯೋಧನನ ಪಾರ್ಟು ಮಾಡಿದವರು, ಮೀಸೆ ಈಗ ಪೂರಾ ಬಿಳಿ. ಬಿದಿರಿಗೆ ಸುತ್ತಿದ್ದ ಪರದೆಯನ್ನು ಇಳಿಬಿಟ್ಟರು. ಕಂಬಗಳ ಸಾಲು, ನಡುವೆ ಸಿಂಹಾಸನ, ಎರಡೂ ಕಡೆ ಚಾಮರ ಹಿಡಿದ ನಾಲ್ವರು ದಾಸಿಯರು.

ಕಾಂತಮ್ಮ ಕನ್ನಡಕ ಒರೆಸಿಕೊಂಡು ಒಬ್ಬೊಬ್ಬ ದಾಸಿಯ ಮುಖವನ್ನೂ ನೋಡಿದರು. ನಾಲ್ವರಿಗೂ ಕ್ಯಾಲೆಂಡರ್ ಲಕ್ಷ್ಮಿಯ ಮುಖ. ಕಾಂತಮ್ಮನ ಗಲ್ಲದ ಮಚ್ಚೆ ಯಾರಿಗೂ ಇರಲಿಲ್ಲ.

“ಸರಿ, ಸುತ್ತಿ ಇಡಪ್ಪಾ” ಎಂದರು. ದನಿ ಬಿದ್ದುಹೋಗಿತ್ತು. ತಿರುಗುವಾಗ ಸಿಂಹಾಸನದ ಕಾಲ ಬಳಿ ಕಣ್ಣು ಹೋಯಿತು. ಚಿನ್ನದ ಬಣ್ಣದ ಪೀಠದ ಮೇಲೆ ಒಂದು ಹಿತ್ತಾಳೆ ಚೊಂಬು. ಹೊಟ್ಟೆಯ ಬಲಭಾಗದಲ್ಲಿ, ನೋಡುವವರಿಗೆ ಎದುರಾಗಿ, ಒಂದು ನೆಗ್ಗು.

“ಇದು...”

“ಅಯ್ಯೋ, ಅದನ್ನ ಕೇಳ್ಬೇಡಿ ತಾಯಿ!” ಚಿಕ್ಕಬೀರಪ್ಪ ನಕ್ಕರು. “ದುರ್ಯೋಧನನ ದರ್ಬಾರಿಗೆ ನೆಗ್ಗಿದ ಚೊಂಬಾ, ಅಳಿಸ್ರೀ ಅಂತ ಜಗಳ ಆಡಿದ್ವಿ. ಚೊಂಬು ಹೋದ್ರೆ ನಾನೂ ಹೋಯ್ತೀನಿ ಅಂತ ಉಗ್ರಪ್ಪನೋರು ಕುಂಚ ತೊಳೆಯೋಕೆ ಎದ್ರು. ಎಲ್ಲಾ ಊರಿನ ದರ್ಬಾರಲ್ಲೂ ಇದಿತ್ತಂತೆ.”

“ಯಾಕಂತೆ?”

“ನಾನೂ ಕೇಳ್ದೆ. ‘ಹುಟ್ಟಿದಾಗಿಂದ ನಾನು ಬಂದ್ರೂ ಹೋದ್ರೂ ಕೇಳೋರಿರ್ಲಿಲ್ಲ ಚಿಕ್ಕಬೀರಪ್ಪ. ಈ ಚೊಂಬು ತಲೆ ಮೇಲೆ ಹಾರಿಹೋದ ದಿನ, ನನ್ನನ್ನ ಕಾಯೋರು ಒಬ್ರು ಅವ್ರೆ ಅಂತ ಗೊತ್ತಾಯ್ತು. ಸಿಂಹಾಸನದ ಪಕ್ಕ ಇಡದೆ ಇನ್ನೆಲ್ಲಿಡ್ಲಿ?’ ಅಂದ್ರು.”

“ಹೆಂಡ್ತಿ ಪರದೆ ನೋಡ್ಬಾರ್ದು ಅನ್ನೋ ಪದ್ಧತಿ?” ನಯನ ಕೇಳಿದಳು.

“ಅಂಥದ್ದೇನಿಲ್ವಲ್ಲ! ಹಾಂ, ‘ಇದನ್ನ ನಮ್ಮನೆಯೋಳು ನೋಡಿದ್ರೆ ಇನ್ನೊಂದು ಚೊಂಬು ಬರ್ತದೆ’ ಅಂತಿದ್ರು.”

ಕಾಂತಮ್ಮ ಅತ್ತರು. ಮುಚ್ಚುಮರೆ ಏನೂ ಇಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿಯೇ ಅತ್ತರು. ನಲವತ್ತು ವರ್ಷ ಮೋಸ ಮಾಡಿದ ಗಂಡನ ಮೇಲೆ ಅಷ್ಟು ಪ್ರೀತಿ ಉಕ್ಕಿ ಬಂದಿತ್ತು. ನಯನಳ ಕಣ್ಣೂ ಒದ್ದೆಯಾಯಿತು. ಆಮೇಲೆ ಕಾಂತಮ್ಮ ಮೂಗು ಒರೆಸಿಕೊಂಡು ಪರದೆಯ ಹತ್ತಿರಕ್ಕೆ ಹೋದರು.

“ಇಷ್ಟು ದೊಡ್ಡದಿರ್ಲಿಲ್ಲ ಕಣೇ ನೆಗ್ಗು! ಸುಳ್ಳುಬುರುಕರು, ಊರಿಗೆಲ್ಲ ನನ್ನನ್ನ ರಾಕ್ಷಸಿ ಮಾಡವ್ರೆ” ಎನ್ನುತ್ತ ಚೊಂಬಿನ ಮೇಲೆ ಕೈಯಿಟ್ಟರು.

“ಮುಟ್ಬೇಡಿ ತಾಯಿ, ಬಣ್ಣ ಉದುರ್ತದೆ.”

“ನನ್ನ ಚೊಂಬು ಕಣಪ್ಪಾ, ಮುಟ್ತೀನಿ.”

ಬಸ್ಸಿಗೆ ಕಾಯುವಾಗ ನಯನ ಬೇಕೆಂದೇ ಕೆಣಕಿದಳು. “ಹಂಗಾದ್ರೆ ದೊಡ್ಡಮ್ಮ, ನಿಮ್ಮ ಅಧ್ಯಾಯ ಕಿತ್ತಾಕ್ಲಾ?”

“ಕಿತ್ತಾಕಿ ನೋಡು” ಎಂದರು ಕಾಂತಮ್ಮ. “ಚೊಂಬು ಇನ್ನೂ ಮನೇಲೇ ಐತೆ.”