ಅಪ್ಪನ ನಾಡಿಯ ಐದು ನಿಮಿಷ

ನನ್ನ ಸಂಶೋಧನೆಗೆ ಅರವತ್ತು ದಾಟಿದ ಮೂವತ್ತು ಜನರ ನಾಡಿ ಬೇಕಿತ್ತು. ಇಪ್ಪತ್ತೊಂಬತ್ತು ಸಿಕ್ಕಿತ್ತು. ಮೂವತ್ತನೆಯವರು ಮಧ್ಯಾಹ್ನ ಫೋನ್ ಮಾಡಿ ಬರುವುದಿಲ್ಲ ಎಂದರು. ಸಂಜೆ ಐದರೊಳಗೆ ಗೈಡ್‌ಗೆ ಪೂರ್ತಿ ಪಟ್ಟಿ ಕಳಿಸದಿದ್ದರೆ ಇನ್ನೂ ಆರು ತಿಂಗಳು ಕಾಯಬೇಕು. ನಾಡಿ ಅಳೆಯುವ ಯಂತ್ರ ಎತ್ತಿಕೊಂಡು, ಅರವತ್ತು ದಾಟಿದ ಅಪ್ಪನ ಗಡಿಯಾರ ರಿಪೇರಿ ಅಂಗಡಿಗೆ ಓಡಿದೆ.

ಅಪ್ಪನ ಬೆರಳಿಗೆ ಕ್ಲಿಪ್ ಹಾಕಿದೆ. ಪ್ರತಿ ಬಡಿತಕ್ಕೂ ಬೆರಳಿಗೆ ನುಗ್ಗುವ ರಕ್ತವನ್ನು ಅದರೊಳಗಿನ ಹಸಿರು ಬೆಳಕು ಗುರುತಿಸುತ್ತದೆ. ಪರದೆಯ ಮೇಲೆ ಅಲೆ ಮೂಡುತ್ತದೆ. ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಅಂತರ ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬುದೇ ನನಗೆ ಬೇಕಾದದ್ದು.

"ಐದು ನಿಮಿಷ ಅಲ್ಲಾಡಬೇಡ, ಅಪ್ಪಾ."

"ನಂಗೆ ಹೇಳ್ತೀಯಾ? ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋ ಕೈ ಕಣೇ ಇದು."

ಕೈ ಅಲ್ಲಾಡಲಿಲ್ಲ, ನಿಜ. ಆದರೆ ಅರ್ಧ ನಿಮಿಷ ಅಂತರವೆಲ್ಲ ಒಂದೇ ಸಮ, ಆಮೇಲೆ ದೊಡ್ಡ ಜಿಗಿತ, ಮತ್ತೆ ಒಂದೇ ಸಮ. ಎರಡನೆಯ ಸಲವೂ ಅದೇ ಕತೆ. ಕ್ಲಿಪ್ ಒರೆಸಿದೆ, ತಂತಿ ಬದಲಿಸಿದೆ. ಗಂಟೆ ನಾಲ್ಕೂಕಾಲು.

ಕೌಂಟರಿನಲ್ಲಿ ಕೈಗಡಿಯಾರಗಳಿಗೆ ಪಟ್ಟಿ ಹಾಕುತ್ತಿದ್ದ ಅಮ್ಮ ತಲೆಯೆತ್ತಿದಳು. "ಯಂತ್ರಕ್ಕೇನೂ ಆಗಿಲ್ಲ. ನಿಮ್ಮಪ್ಪ ಉಸಿರೇ ಬಿಡ್ತಿಲ್ಲ, ಮುಖ ನೋಡು."

ಮುಖ ಕೆಂಪಗೆ ಊದಿತ್ತು. ಸಾಸಿವೆಗಿಂತ ಸಣ್ಣ ಸ್ಕ್ರೂ ಹಾರಿಹೋಗದಂತೆ ಉಸಿರು ಬಿಗಿಹಿಡಿಯುವುದು ಅಪ್ಪನ ಕಸುಬಿನ ಚಾಳಿ. ಪರದೆಯ ಸಣ್ಣ ಗೆರೆಗಳನ್ನು ನೋಡುತ್ತಲೂ ಅದನ್ನೇ ಮಾಡಿದ್ದ.

"ಒಂದೇ ಸಮ ಬಂದ್ರೆ ನಿಂಗೇ ಒಳ್ಳೇದಲ್ವಾ?" ಅಪ್ಪನಿಗೆ ಬೇಜಾರಾಗಿತ್ತು.

"ಆರೋಗ್ಯವಾಗಿರೋ ಹೃದಯ ಉಸಿರಿನ ಜೊತೆ ಸ್ವಲ್ಪ ಹೆಚ್ಚುಕಮ್ಮಿ ಬಡಿಯುತ್ತೆ, ಅಪ್ಪಾ."

"ಹೆಚ್ಚುಕಮ್ಮಿ ಬಡಿಯೋದನ್ನ ಜನ ನನ್ನ ಹತ್ರ ರಿಪೇರಿಗೆ ತರ್ತಾರೆ."

ಅಮ್ಮ ಎದ್ದು ಬಂದು ಅವನ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿದಳು. "ರೀ, ಹೋಗೋ ಬರೋರನ್ನ ನೋಡ್ತಾ ಕೂತ್ಕೊಳ್ಳಿ. ಉಸಿರು ಬಿಡೋಕೆ ನನ್ನ ಅಪ್ಪಣೆ ಇದೆ."

ಅಪ್ಪ ಬೀದಿ ನೋಡಿದ. ಅಲೆಗಳ ಅಂತರ ಹಿಗ್ಗಿತು, ಕುಗ್ಗಿತು. ಐದು ನಿಮಿಷವೂ ಎಲ್ಲಿಯೂ ಕೆಡಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಕಳಿಸಿದೆ. ತಲುಪಿತು ಎಂದು ಗೈಡ್ ಉತ್ತರಿಸಿದರು.

ಅಪ್ಪ ಪರದೆಗೆ ಬಗ್ಗಿದ. "ಇಷ್ಟೊಂದು ಏರುಪೇರಾ? ಮೆತ್ತಗೆ ಮಾತಾಡು, ಗಿರಾಕಿಗಳು ಕೇಳಿಸ್ಕೊಂಡಾರು. ಎಲ್ಲಿ, ನಿಮ್ಮಮ್ಮಂದೂ ನೋಡು."

"ಬೇಡಪ್ಪ," ಅಮ್ಮ ಮತ್ತೊಂದು ಗಡಿಯಾರದ ಪಟ್ಟಿ ಎತ್ತಿಕೊಂಡಳು. "ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೆಲ್ಲ ಅದ್ರಲ್ಲಿ ಬಂದ್ಬಿಡುತ್ತೆ."