ಎರಡೂವರೆ ನಂಬರಿನ ರೀಡು

೧

ಈ ಕಥೆಯನ್ನು ಎಲ್ಲಿಂದ ಪ್ರಾರಂಭಿಸಬೇಕೆಂದು ನನಗೆ ತಿಳಿಯದು. ಓದುಗರಾದ ನಿಮಗೆ ತಿಳಿದಿದ್ದರೆ ಹೇಳಿ. ಅಲ್ಲಿಯವರೆಗೆ, ಸುದ್ದಿ ತಿಳಿದ ದಿನದಿಂದಲೇ ಹೊರಡುತ್ತೇನೆ.

ಆ ಮಧ್ಯಾಹ್ನ ಒಣಗಿದ ಬಟ್ಟೆಗಳನ್ನು ಮಡಿಸಿ ಬೀರುವಿನಲ್ಲಿ ಇಡುತ್ತಿದ್ದೆ. ಫೋನು ಬಂತು. ನನ್ನ ಹೆಂಡತಿಗೆ ಕ್ಲಾರಿನೆಟ್ ಕಲಿಸುವ ಟೀಚರು. "ಸರ್, ಅಮ್ಮ ಪಾಠದ ಮಧ್ಯೆ ಕ್ಲಾರಿನೆಟ್ಟನ್ನ ತೊಡೆ ಮೇಲಿಟ್ಕೊಂಡು, 'ಒಂದ್ನಿಮಿಷ ತಾಳಮ್ಮ' ಅಂದ್ರು. ಆಮೇಲೆ ಏಳಲೇ ಇಲ್ಲ."

"ನೀವು ಯಾವ ನಂಬರಿಗೆ ಮಾಡಿದೀರಿ?" ಎಂದು ಕೇಳಿದೆ.

(ಪ್ರಾರಂಭ ಬಹಳ ದುಃಖದ್ದಾಯಿತು. ಹೊಡೆದುಹಾಕುತ್ತೇನೆ. ಉದ್ಯೋಗದ ಕಾಲವಿಡೀ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು; ಕೆಂಪು ಗೆರೆ ಎಳೆಯುವುದು ಕೈಗೆ ಅಭ್ಯಾಸ. ಎಳೆದೆ. ಗೆರೆಯ ಕೆಳಗೂ ಆ ಮಧ್ಯಾಹ್ನ ಹಾಗೆಯೇ ಕಾಣುತ್ತಿದೆ. ಇರಲಿ ಬಿಡಿ.)

೧, ಎರಡನೆಯ ಸಲ

ಕ್ಲಾರಿನೆಟ್ ಐದು ತುಂಡುಗಳ ವಾದ್ಯ. (ಇದು ಹಿತವಾದ ಪ್ರಾರಂಭ. ಇಲ್ಲಿ ಯಾರೂ ಸಾಯುವುದಿಲ್ಲ.) ಮೊದಲು ಬಾಯಿತುಂಡು. ಅದರ ಕೆಳಗೆ ಪುಟ್ಟ ಪೀಪಾಯಿಯಂಥ ಬ್ಯಾರೆಲ್ಲು. ಆಮೇಲೆ ಮೇಲಿನ ಕೊಳವೆ, ಕೆಳಗಿನ ಕೊಳವೆ, ತುದಿಯಲ್ಲಿ ಗಂಟೆಯಾಕಾರದ ಬೆಲ್ಲು. ಬಾಯಿತುಂಡಿಗೆ ಜೊಂಡಿನಿಂದ ಕೊರೆದ ತೆಳ್ಳನೆಯ ಪಟ್ಟಿಯೊಂದನ್ನು ಬಿಗಿಯಬೇಕು. ಅದೇ ರೀಡು. ಊದಿದಾಗ ನಡುಗುವುದು ಅದು. ಉಳಿದವೆಲ್ಲ ಮದುವೆ ಮನೆಯ ನೆಂಟರ ಹಾಗೆ, ಜೊತೆಗೆ ನಿಂತಿರುತ್ತವೆ.

"ರೀ, ಇದೇನು ಪಾಠಪುಸ್ತಕ ಬರೀತಿದೀರಾ?"

ನನ್ನ ಹೆಂಡತಿ ಕಥೆಯೊಳಗೆ ಬಂದಳು. (ಕಥೆಯಲ್ಲಿ ಬರಬಹುದು. ಬರೆಯಲು ಕೂತದ್ದೇ ಅದಕ್ಕೆ.)

"ನೀನು ಸುಮ್ನಿರು. ಇಲ್ಲಿ ನೀನು ಪಾತ್ರ."

"ಪಾತ್ರಾನಾ? ಹಾಗಾದ್ರೆ ಮೊದಲು ನನ್ನ ಮಂಡಿನೋವು ತೆಗೀರಿ. ಬರೆಯೋರ ಗಂಟೇನು ಹೋಗತ್ತೆ?"

ತೆಗೆದೆ. ಈಗ ಅವಳಿಗೆ ಮಂಡಿನೋವಿಲ್ಲ. ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಕಥೆ ಬರೆಯುತ್ತಿದ್ದೆ.

೨

ಅರವತ್ತು ದಾಟಿದ ಮೇಲೆ ಅವಳು ಕ್ಲಾರಿನೆಟ್ ಕಲಿಯಲು ಹೊರಟಳು. "ಈ ವಯಸ್ಸಲ್ಲಿ ಇದೇನೇ ನಿಂಗೆ?" ಎಂದೆ. "ಇಷ್ಟು ವರ್ಷ ನಿಮ್ಮ ಗೊರಕೆ ಕೇಳಿದೀನಲ್ಲ, ಈಗ ನನ್ನದನ್ನ ನೀವು ಕೇಳಿ," ಎಂದಳು. ನಾನು ದೇವರ ಕೋಣೆಯಲ್ಲಿ ಕೂತು ಜಪ ಮಾಡುವ ಹೊತ್ತಿಗೆ ಸರಿಯಾಗಿ ಹಿಂದಿನ ಕೋಣೆಯಿಂದ ಬಾತುಕೋಳಿಯ ಕೂಗಿನಂಥದ್ದು ಕೇಳುತ್ತಿತ್ತು. ಕ್ರಮೇಣ ಬಾತುಕೋಳಿ ಹೋಯಿತು. ಯಾವಾಗ ಹೋಯಿತೆಂದು ನಾನು ಗಮನಿಸಲಿಲ್ಲ. ಜಪ ಕೆಡುವುದು ನಿಂತಿತು, ಅಷ್ಟೇ ತಿಳಿದದ್ದು.

(ಇಲ್ಲಿ ಅವಳ ಸಂಗೀತವನ್ನು ವರ್ಣಿಸುವ ಮೂರನೆಯ ಭಾಗವಿತ್ತು. 'ಗಂಧರ್ವಲೋಕ' ಎಂಬ ಪದ ನುಸುಳಿದ್ದರಿಂದ ಅದನ್ನು ಹರಿದುಹಾಕಿದೆ.)

೪

ಕರ್ಮಗಳೆಲ್ಲ ಮುಗಿದ ಮೇಲೆ ಟೀಚರು ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ತಂದುಕೊಟ್ಟಳು. ತುಂಡುಗಳನ್ನು ಬಿಚ್ಚಿ, ತೇವ ಒರೆಸಿ, ಒಂದೊಂದನ್ನೂ ಅದರ ಗುಳಿಯಲ್ಲಿ ಇಟ್ಟಿದ್ದಳು. "ನಾನು ಇದನ್ನ ಕಲೀಬಹುದಾ?" ಎಂದು ಕೇಳಿದ್ದು ನನ್ನ ಬಾಯಿ. ಮನಸ್ಸಿಗೆ ಆಮೇಲೆ ತಿಳಿಯಿತು.

ಈಗ ನನ್ನ ಸ್ವಭಾವವನ್ನು ಹೇಳಬೇಕು. ನಾನು ಯಾರ ಎಂಜಲನ್ನೂ ಮುಟ್ಟುವವನಲ್ಲ. ಸ್ವಂತ ಮನೆಯ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇನೆ. ಆದ್ದರಿಂದ ಅಭ್ಯಾಸಬಲದಿಂದ, ಗಟ್ಟಿ ರಬ್ಬರಿನ ಆ ಬಾಯಿತುಂಡನ್ನು ಕುದಿಯುವ ನೀರಿಗೆ ಹಾಕಿದೆ. ಕಪ್ಪಗೆ ಮಿನುಗುತ್ತಿದ್ದುದು ಪಾಚಿಯ ಬಣ್ಣಕ್ಕೆ ತಿರುಗಿತು. ಅಡುಗೆಮನೆಯಲ್ಲೆಲ್ಲ ಗಂಧಕದ ವಾಸನೆ.

ಮಗಳು ಓಡಿಬಂದಳು. "ಅಪ್ಪಾ, ಏನು ಬೇಯಿಸ್ತಿದೀರಿ?"

"ನಿಮ್ಮಮ್ಮನ ಕ್ಲಾರಿನೆಟ್ಟು."

ಅವಳು ಒಲೆ ಆರಿಸಿ, ನನ್ನ ಮುಖ ನೋಡಿ, ಕುರ್ಚಿ ಎಳೆದುಕೊಟ್ಟಳು. ಕೂತ ಮೇಲೆ ಹೊಳೆಯಿತು. ದಿನವೂ ನನ್ನ ಹೆಂಡತಿಯ ತುಟಿ ತಾಗಿದ ಜಾಗವನ್ನು ನಾನು ನನ್ನ ಕೈಯಾರೆ ತೊಳೆದುಬಿಟ್ಟಿದ್ದೆ.

ಪೆಟ್ಟಿಗೆಯ ಮೂಲೆಯಲ್ಲಿ, ಸಣ್ಣ ಡಬ್ಬಿಯಲ್ಲಿ, ರೀಡು ಮಾತ್ರ ಉಳಿದಿತ್ತು. ತೊಳೆಯದೆ. ಅದರ ತುದಿಯಲ್ಲಿ ಅವಳ ತುಟಿಯ ತೇವ ಕುಡಿದ ಮಬ್ಬುಗಲೆ. ಎಂಜಲು ಎನ್ನುವಿರಾ? ಹೌದು. ನನಗೆ ಈಗ ಬೇಕಾದದ್ದು ಅದೇ. ಆ ರೀಡಿನಿಂದ, ನನ್ನ ಉಸಿರಿನಿಂದ, ಒಂದೇ ಒಂದು ಸ್ವರ ಹೊರಡಬೇಕು. ಈ ಕಥೆಗೆ ಬೇರೆ ಆಸೆಯಿಲ್ಲ.

"ನಾನಿದ್ದಾಗ ನನ್ನ ಲೋಟದಲ್ಲಿ ನೀರೂ ಕುಡೀಲಿಲ್ಲ," ಎಂದಳು ಅವಳು.

"ಕಥೆಯ ಮಧ್ಯೆ ಮಾತಾಡಬೇಡ."

೫

ಟೀಚರ ಕೋಣೆ ಒಂದು ಕನ್ನಡಕದ ಅಂಗಡಿಯ ಮೇಲಿದೆ. ಎರಡು ಕುರ್ಚಿ, ಹಾಳೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು, ಬೀದಿಗೆ ತೆರೆದ ಕಿಟಕಿ. ನಾನು ಕಿಟಕಿಯ ಬಳಿಯ ಕುರ್ಚಿಗೆ ಹೋದೆ. ಅವಳು ಥಟ್ಟನೆ ತನ್ನ ಕುರ್ಚಿಯನ್ನು ನನ್ನತ್ತ ಸರಿಸಿ, "ಸರ್, ಇಲ್ಲಿ ಕೂತ್ಕೊಳ್ಳಿ," ಎಂದಳು. ಯಾಕೆಂದು ನಾನು ಕೇಳಲಿಲ್ಲ.

ಬಾಯಿತುಂಡನ್ನು ಬೆಳಕಿಗೆ ಹಿಡಿದಳು. "ಬೇಯಿಸಿದೀರಾ?"

"ತೊಳೆದೆ."

"ಇನ್ಮೇಲೆ ತಣ್ಣೀರು ಮಾತ್ರ. ಮರದ ಕೊಳವೆಗೆ ಅದೂ ಬೇಡ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ತೇವ ತೆಗೆದ್ರೆ ಸಾಕು."

ಜೋಡಿಸುವುದನ್ನು ತೋರಿಸಿದಳು. ಕೊಳವೆಗಳ ಸಂದಿಗೆ ಸುತ್ತಿದ ಕಾರ್ಕಿನ ಬೆಂಡಿಗೆ ತೆಳ್ಳಗೆ ಗ್ರೀಸು ಹಚ್ಚಬೇಕು. ತಳ್ಳಬಾರದು, ಮೆಲ್ಲಗೆ ತಿರುಗಿಸುತ್ತ ಕೂಡಿಸಬೇಕು. ಮೇಲಿನ ಕೊಳವೆಯನ್ನು ಕೆಳಗಿನದಕ್ಕೆ ಸೇರಿಸುವಾಗ ಅದರ ಮೇಲೆ ಬೆರಳಿಡುವ ಉಂಗುರದಂಥ ಕೀಲಿಯನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಎರಡನ್ನೂ ಕೂಡಿಸುವ ಪುಟ್ಟ ಲೋಹದ ಸನ್ನೆಗೋಲು ಬಾಗುತ್ತದೆ. ಕೊನೆಗೆ ರೀಡು. ಅದನ್ನು ಮೊದಲು ಬಾಯಲ್ಲಿಟ್ಟು ನೆನೆಸಬೇಕು.

ಇಟ್ಟುಕೊಂಡೆ. ದೇವರಾಣೆಯಾಗಿ ಹೇಳುತ್ತೇನೆ, ಏನೂ ರುಚಿಯಿರಲಿಲ್ಲ. ಒಣ ಕಡ್ಡಿ.

"ಮೇಲಿನ ಹಲ್ಲು ಬಾಯಿತುಂಡಿನ ಮೇಲಿರ್ಲಿ. ಕೆಳತುಟೀನ ಕೆಳಗಿನ ಹಲ್ಲಿನ ಮೇಲೆ ಮಡಚಿ."

"ಕಟ್ಟಿಸಿದ ಹಲ್ಲಮ್ಮ. ಕೂರತ್ತೋ ಇಲ್ವೋ."

"ಕೂರತ್ತೆ. ಊದಿ. ಕೆನ್ನೆ ಉಬ್ಬಿಸ್ಬೇಡಿ, ಬಲೂನಲ್ಲ."

ಊದಿದೆ. ಗಾಳಿ ಬಂತು. ಮತ್ತೆ ಊದಿದೆ. ಹಲ್ಲಿನ ಸೆಟ್ಟು ಜಾರಿತು, ಕಣ್ಣಿಗೆ ಕತ್ತಲೆ ಕಟ್ಟಿತು, ಗಾಳಿಯೇ ಬಂತು. ಟೀಚರು ರೀಡನ್ನು ಬಿಚ್ಚಿ ಹಿಂಬದಿ ನೋಡಿ ನಕ್ಕಳು.

"ಇದು ಎರಡೂವರೆ ನಂಬರು ಸರ್! ಗಟ್ಟಿ ರೀಡು. ಅಮ್ಮ ಒಂದೂವರೆಯಿಂದ ಶುರು ಮಾಡಿ ಇಲ್ಲೀತನಕ ಬಂದಿದ್ರು. ಇದಕ್ಕೆ ತುಟಿ ಪಳಗಿರ್ಬೇಕು, ಉಸಿರಿಗೆ ಬಲ ಇರ್ಬೇಕು. ನಿಮಗೆ ಒಂದೂವರೆ ಹಾಕ್ತೀನಿ."

"ಅವಳಿಗೆ ಎರಡೂವರೆ, ನನಗೆ ಒಂದೂವರೆಯಾ?"

"ಅವರು ಸೀನಿಯರ್ ಅಲ್ವಾ ಸರ್."

(ಯಾರೋ ನಕ್ಕಂತಾಯಿತು. "ನಗಬೇಡ," ಎಂದೆ. "ನಗ್ತಿಲ್ಲ ರೀ. ಉಸಿರು ಬಿಟ್ಟೆ.")

"ಇದರಲ್ಲೇ ಮನೇಲಿ ಸಾಧನೆ ಮಾಡಿದ್ರೆ?"

"ಊದಿ ಊದಿ ರೀಡು ಮೆತ್ತಗಾಗತ್ತೆ ಸರ್. ನೀವು ಕಲಿಯೋ ಹೊತ್ತಿಗೆ ಅದು ಸತ್ತಿರತ್ತೆ." ಎಂದವಳೇ ನಾಲಿಗೆ ಕಚ್ಚಿಕೊಂಡಳು.

೬

ಒಂದೂವರೆಯ ಮೇಲೆ ಸಾಧನೆ ಮಾಡಿದೆ. ಹಿಂದಿನ ಕೋಣೆಗೆ ಬಾತುಕೋಳಿ ಮರಳಿ ಬಂತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಮುಚ್ಚುವ ಮುನ್ನ ಗೌರವದಿಂದ ತಲೆ ತಗ್ಗಿಸಿದರು. ಒಂದು ದಿನ ಹೆಬ್ಬೆರಳೂ ತೋರುಬೆರಳೂ ಸರಿಯಾಗಿ ಕೂತು, ಒಂದು ಸ್ವರ ಅಲುಗಾಡದೆ ನಿಂತಿತು. ನಾನು ಜಪದಲ್ಲೂ ಅಷ್ಟು ಹೊತ್ತು ಬೇರೆ ಯೋಚನೆಯಿಲ್ಲದೆ ಇದ್ದವನಲ್ಲ.

ಈಗ ಮುಕ್ತಾಯ. ಮೂರು ಬರೆದಿದ್ದೇನೆ.

ಮೊದಲನೆಯದು: ಅವಳ ರೀಡು ನನ್ನ ಉಸಿರಿಗೆ ನುಡಿಯುತ್ತದೆ. ಕಿಟಕಿಯ ಪರದೆ ಅಲುಗುತ್ತದೆ. ನಾನು ಅಳುತ್ತೇನೆ.

"ಸಿನಿಮಾ," ಎಂದಳು ಅವಳು.

ಎರಡನೆಯದು: ರೀಡು ಸೀಳುತ್ತದೆ. ಲೋಕದಲ್ಲಿ ಯಾವುದೂ ಶಾಶ್ವತವಲ್ಲವೆಂದು ನನಗೆ ಅರಿವಾಗುತ್ತದೆ.

"ನಿಮಗೆ ಅರಿವಾಗೋದಕ್ಕೆ ನನ್ನ ಸಾಮಾನು ಮುರೀಬೇಕಾ? ನಿಮ್ಮದೇ ಏನಾದ್ರೂ ಮುರ್ಕೊಳ್ಳಿ."

ಮೂರನೆಯದು: ರೀಡನ್ನು ದೇವರ ಗೂಡಿನಲ್ಲಿಟ್ಟು ದಿನವೂ ಕೈಮುಗಿಯುತ್ತೇನೆ. ನಿಜ ಹೇಳಬೇಕೆಂದರೆ ಇದು ನನಗೆ ಬಹಳ ಹಿಡಿಸಿತ್ತು.

"ನುಡಿಸೋ ವಸ್ತುಗೆ ಕೈಮುಗಿದು ಕೂತ್ರೆ ನುಡಿಸೋರ್ಯಾರು?"

"ಹಾಗಾದರೆ ನೀನೇ ಹೇಳು. ಏನು ಮಾಡಲಿ?"

ಅವಳು ಮಾತಾಡಲಿಲ್ಲ.

(ಓದುಗರೇ, ನಾನು ಬರೆದರೆ ಅವಳು ಮಾತಾಡುತ್ತಾಳೆ. ಇಲ್ಲಿಯವರೆಗಿನ ಮಾತೆಲ್ಲ ನಾನು ಬರೆದದ್ದೇ. ಈ ಪ್ರಶ್ನೆಗೂ ಒಂದು ಚುರುಕಾದ ಉತ್ತರ ಬರೆಯಬಹುದಿತ್ತು. ಪೆನ್ನು ಏಳಲಿಲ್ಲ. ಅವಳು ನಿಜವಾಗಿ ಏನೆನ್ನುತ್ತಿದ್ದಳೋ ನನಗೆ ಗೊತ್ತಿಲ್ಲ.)

ಕೊನೆಯ ಸಂಖ್ಯೆಯಿಲ್ಲದ ಭಾಗ

ಟೀಚರು ಇಂದು, "ತುಟಿ ಪರವಾಗಿಲ್ಲ ಸರ್. ಮನೇಲಿ ಒಂದ್ಸಲ ಅಮ್ಮನ ರೀಡು ಹಾಕಿ ನೋಡಿ," ಎಂದಳು. ತುಂಡುಗಳನ್ನು ಜೋಡಿಸಿಟ್ಟಿದ್ದೇನೆ. ಸ್ವರ ಬಂದರೂ ನಿಮಗೆ ಹೇಳುವುದಿಲ್ಲ, ಬಾರದಿದ್ದರೂ ಹೇಳುವುದಿಲ್ಲ. ಅಷ್ಟಾದರೂ ಗಂಡಹೆಂಡತಿ ನಮ್ಮಿಬ್ಬರೊಳಗೆ ಇರಲಿ. ರೀಡನ್ನು ಬಾಯಲ್ಲಿಟ್ಟ ಮೇಲೆ ಮಾತಾಡಲು ಬಾರದು. ಆದ್ದರಿಂದ ಪ್ರಾರ್ಥನೆಯನ್ನು ಮೊದಲೇ ಮುಗಿಸುತ್ತೇನೆ.

ದೇವರೇ, ಅವಳ ಆತ್ಮಕ್ಕೆ ಶಾಂತಿಯನ್ನು ಕೊಡು. ಈಗ ನಾನು ಮಾಡಲಿರುವ ಸದ್ದಿನಿಂದ ಆ ಶಾಂತಿ ಕದಡದಿರಲಿ. ಕದಡಿದರೆ, ಊದುತ್ತಿರುವವನು ಯಾರೆಂದು ಅವಳಿಗೆ ತಿಳಿಸು.