ಒಣ ಗಂಟಲಿನ ಮಾತು

ಎರಡು ವರ್ಷ ಮಳೆ ಕೈಕೊಟ್ಟ ಪ್ರಾಣಿಗಳ ಒಂದು ಊರಿನಲ್ಲಿ ಮಹಾಸಭೆಯು ಮಿತವ್ಯಯದ ಆಜ್ಞೆ ಹೊರಡಿಸಿತು. ಇನ್ನು ಮುಂದೆ ಮನೆಗೆ ದಿನಕ್ಕೆ ಅರ್ಧ ಕೊಡ ನೀರು. ಊರು ಒಪ್ಪಿತು, ಒಪ್ಪದೆ ಬೇರೆ ದಾರಿ ಇರಲಿಲ್ಲ. ಆದರೆ ಸಭಾಭವನದ ಹಿಂದಿನ ತೊಟ್ಟಿ ಮಾತ್ರ ಇನ್ನೂ ಕಂಠಮಟ್ಟ ತುಂಬಿತ್ತು. ಊರವರು ಗೊಣಗಿದ್ದು ಕಿವಿಗೆ ಬಿದ್ದ ಮೇಲೆ, ತನ್ನ ನೀರಿನ ಖರ್ಚನ್ನೂ ಅರ್ಧಕ್ಕಿಳಿಸಬೇಕೇ ಎಂದು ಸಭೆ ಚರ್ಚೆಗೆ ಕೂತಿತು.

ಚರ್ಚೆ ಕೇಳಲು ಒಂದು ಮೇಕೆ ದಿನವೂ ಬರುತ್ತಿತ್ತು. ಅದಕ್ಕೆ ಮೂರು ಮರಿಗಳು. ಅರ್ಧ ಕೊಡ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಚಿಕ್ಕ ಮರಿ ಎರಡು ದಿನದಿಂದ ಮೇಲೆದ್ದಿರಲಿಲ್ಲ. ಸಭೆ ಉಳಿಸಿದ ನೀರು ಮನೆಗಳಿಗೆ ಬರುತ್ತದೆಂದು ಯಾರೋ ಹೇಳಿದ್ದರು.

ನಾಲ್ಕನೆಯ ದಿನವೂ ಚರ್ಚೆ ಮುಗಿಯಲಿಲ್ಲ. ಮೇಕೆಗೆ ಸೋಜಿಗವಾಯಿತು, ಏಕೆಂದರೆ ವಿರೋಧಿಸುವವರು ಒಬ್ಬರೂ ಇರಲಿಲ್ಲ. ಎಮ್ಮೆ ತ್ಯಾಗದ ಬಗ್ಗೆ ಮಾತಾಡಿತು. ಕಾಡುಹಂದಿ ಎಮ್ಮೆಯನ್ನು ಅನುಮೋದಿಸಿತು. ಅನುಮೋದನೆಯಲ್ಲಿ ಇನ್ನಷ್ಟು ಕಾವು ಇರಬೇಕಿತ್ತೆಂದು ನರಿ ವಿಷಾದಿಸಿತು. ಮಾತಿಗೆ ಮುನ್ನ ಪ್ರತಿಯೊಬ್ಬರೂ ಒಂದು ಬೋಗುಣಿ ನೀರು ಕುಡಿಯುತ್ತಿದ್ದರು.

"ಎಲ್ಲಾರೂ ಹೂಂ ಅನ್ನೋದಾದ್ರೆ ಇಷ್ಟು ದಿನ ಯಾಕೆ ಸ್ವಾಮಿ?" ಎಂದು ಮೇಕೆ ಗುಮಾಸ್ತ ಕೊಕ್ಕರೆಯನ್ನು ಕೇಳಿತು.

"ಹೂಂ ಅನ್ನೋಕೂ ಸರದಿ ಇದೆ, ಮೇಕಮ್ಮ."

"ಆ ನೀರು?"

"ಅದು ನಿಯಮ. ಒಣ ಗಂಟಲು ಸಿಟ್ಟಲ್ಲಿ ಮಾತಾಡುತ್ತೆ ಅಂತ ಹಿಂದಿನವರು ಮಾಡಿದ್ದು. ಕುಡಿಯದೆ ಆಡಿದ ಮಾತು ಕಡತಕ್ಕೆ ಬರೋದಿಲ್ಲ."

ಐದನೆಯ ದಿನ ನರಿಗೆ ಹೊಸದೊಂದು ಸಂದೇಹ ಬಂತು: ಊರಿಗೆ ನಿಜಕ್ಕೂ ಬಾಯಾರಿಕೆ ಇದೆಯೇ? ಸಾಕ್ಷಿ ಬೇಕಾಯಿತು. ಕೈಗೆ ಸಿಕ್ಕಿದ್ದು ಮೇಕೆ. ಅದು ಬಾಯಿ ತೆರೆಯುವಷ್ಟರಲ್ಲಿ ಕೊಕ್ಕರೆ ಬೋಗುಣಿ ಮುಂದೆ ತಳ್ಳಿತು. ಮೇಕೆ ಒಂದೇ ಉಸಿರಿಗೆ ಕುಡಿಯಿತು.

"ಈಗ ಹೇಳಮ್ಮ, ಬಾಯಾರಿಕೆ ಇದೆಯಾ?" ಎಂದಿತು ಸಭಾಪತಿ ಆನೆ.

"ಈಗ ಇಲ್ಲ ಬುದ್ಧಿ. ಬರೋಕೆ ಮುಂಚೆ..."

ಕೊಕ್ಕರೆ "ಇಲ್ಲ" ಎಂದು ಬರೆದು ಅಡಿಗೆರೆ ಎಳೆಯಿತು.

"ಮನೇಲಿ ಮರಿಗಳಿಗಿದೆ," ಎಂದಿತು ಮೇಕೆ.

"ಮರಿಗಳ ಬಾಯಾರಿಕೆಗೆ ನೀನ್ಯಾಕೆ ವಕಾಲತ್ತು?" ಎಂದಿತು ನರಿ. "ಅವೇ ಬಂದು ಹೇಳಲಿ."

ಮೇಕೆ ನರಿಯನ್ನು ನೋಡಿತು, ಬೋಗುಣಿಯನ್ನು ನೋಡಿತು. ಸಿಟ್ಟು ಬರಬೇಕಿತ್ತು, ಗಂಟಲು ತೇವವಾಗಿದ್ದಕ್ಕೋ ಏನೋ, ಬರಲಿಲ್ಲ. "ಯಾರು ಬೇಕಾದ್ರೂ ಬರಬಹುದಾ?" ಎಂದಷ್ಟೇ ಕೇಳಿತು.

"ಸಾಕ್ಷಿ ಹೇಳೋಕೆ ಯಾರಿಗೂ ಅಡ್ಡಿಯಿಲ್ಲ," ಎಂದಿತು ಆನೆ ಉದಾರವಾಗಿ.

ಮಧ್ಯಾಹ್ನ ಮರಿಗಳು ಬಂದವು. ಚಿಕ್ಕದನ್ನು ಕತ್ತೆಯ ಬೆನ್ನ ಮೇಲೆ ತರಬೇಕಾಯಿತು. ಅದು ಕುಡಿದು, ಇಲ್ಲ ಎಂದು ಹೇಳಿ, ತಾನೇ ನಡೆದು ಹೋಯಿತು. ಮರುದಿನ ಮೇಕೆಯ ಓಣಿ ಬಂತು, ಅದರ ಮರುದಿನ ಇಡೀ ಊರು. ಸದಸ್ಯರಿಗೆ ಹಿಗ್ಗೋ ಹಿಗ್ಗು. ಇಷ್ಟು ಸಂತೃಪ್ತ ಪ್ರಜೆಗಳು ತಮಗಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಇನ್ನಷ್ಟು ಸಾಕ್ಷಿಗಳು ಬರಲಿ ಎಂದು ಡಂಗುರ ಸಾರಿಸಿದರು.

ಎಂಟನೆಯ ದಿನ ತೊಟ್ಟಿಯ ತಳ ಕಂಡಿತು. ಒಂಬತ್ತನೆಯ ದಿನ ಆನೆ ತಾನೇ ಎದ್ದು, ತೊಟ್ಟಿ ತುಂಬಿಸಲು ಕೂಡಲೇ ಠರಾವು ಆಗಬೇಕೆಂದು ಒಡಕು ದನಿಯಲ್ಲಿ ಹೇಳಿತು. ಕೊಕ್ಕರೆ ಲೇಖನಿ ಎತ್ತಲಿಲ್ಲ.

"ಬರ್ಕೊಳ್ಳಯ್ಯ."

"ತಾವು ಕುಡಿದಿಲ್ಲ, ಬುದ್ಧಿ."

"ಕುಡಿಯೋಕೆ ಇದ್ದಿದ್ರೆ ತುಂಬ್ಸು ಅಂತ ಯಾಕೆ ಹೇಳ್ತಿದ್ದೆ?"

"ಅದನ್ನೂ ಬರೆಯೋ ಹಾಗಿಲ್ಲ."

ನರಿ ತಿದ್ದುಪಡಿ ಸೂಚಿಸಲು ಎದ್ದು, ತುಟಿ ಸವರಿಕೊಂಡು ಕೂತಿತು. ಹಿಂದಿನ ಸಾಲಿನಲ್ಲಿ ಮೇಕೆ ಕತ್ತು ಚಾಚಿ ನೋಡುತ್ತಿತ್ತು. ಕೊಕ್ಕರೆ ನಿಧಾನವಾಗಿ ಕಡತದ ಹಾಳೆಗಳನ್ನು ಮಗುಚಿತು.

"ಅಲ್ಲದೆ ಬುದ್ಧಿ, ಇದರ ಪ್ರಕಾರ ನಮ್ಮೂರಲ್ಲಿ ಯಾರಿಗೂ ಬಾಯಾರಿಕೆ ಇಲ್ಲ."